ಮೊದಲು ಕುದುರೆಗೆ

ಹೋದ ವರ್ಷ ಒಂದು ಭಾನುವಾರ, ಪುಣೆಯ ನಮ್ಮ ಕನ್ನಡ ಬಳಗದ ಮಕ್ಕಳಿಗೆ ಪೂನಾ ಹಾರ್ಸ್ ಅನ್ನುವ ಹಳೆಯ ಕುದುರೆಪಡೆ ರೆಜಿಮೆಂಟಿನ ಕಥೆ ಹೇಳಿದೆ. ಅರ್ಧ ಗಂಟೆ ಮಾತಾಡಿದೆ. ಇಸವಿಗಳೆಲ್ಲ ಬಾಯಿಪಾಠ. 1817ರಲ್ಲಿ ಹುಟ್ಟಿದ ದಳ, ಪರ್ಷಿಯಾ, ಫ್ರಾನ್ಸ್, ಪ್ಯಾಲೆಸ್ಟೈನ್, ಎರಡು ಪರಮವೀರ ಚಕ್ರ. ಮಕ್ಕಳು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ನಮ್ಮ ದೊಡ್ಡಪ್ಪ ಕೂತಿದ್ದರು. ವಯಸ್ಸು ಎಂಬತ್ತು ದಾಟಿದೆ. ಇಂಡಿ ತಾಲ್ಲೂಕಿನ ಭೀಮಾ ತೀರದ ಹಳ್ಳಿಯಿಂದ ಹುಡುಗನಾಗಿದ್ದಾಗ ಪುಣೆಗೆ ಬಂದವರು. ರೇಸ್ ಕೋರ್ಸಿನ ಲಾಯದಲ್ಲಿ ಮೂವತ್ತೈದು ವರ್ಷ ಸಾಯಿಸ್ ಆಗಿ, ಅಂದರೆ ಕುದುರೆ ನೋಡಿಕೊಳ್ಳುವವರಾಗಿ, ದುಡಿದವರು. ಆಟೋದಲ್ಲಿ ಮನೆಗೆ ಬರುವಾಗ ಅವರು ಹೇಳಿದ್ದು ಒಂದೇ ಮಾತು. “ಛಲೋ ಮಾತಾಡ್ದಿ ತಮ್ಮಾ. ಆದ್ರ ಇಷ್ಟೊತ್ತಿನಾಗ ನಿನ್ನ ಒಂದ ಕುದ್ರಿನೂ ಹುಲ್ಲ ತಿನ್ನಲಿಲ್ಲ ನೋಡು.”

ಆ ಮಾತು ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ನಿಜ ಅಲ್ವಾ? ಯುದ್ಧ ಅಂದರೆ ಒಂದು ದಿನ, ಎರಡು ದಿನ, ಹೆಚ್ಚೆಂದರೆ ಕೆಲವು ವರ್ಷ. ಉಳಿದ ದಿನಗಳೆಲ್ಲ ನೀರು, ಹುಲ್ಲು, ಮಾಲೀಸು, ಲಾಳ. ಇನ್ನೂರು ವರ್ಷ ದಾಟಿದ ಒಂದು ರೆಜಿಮೆಂಟಿನ ಬದುಕಿನಲ್ಲಿ ಹೆಚ್ಚಿನ ಪಾಲು ಈ ಕೆಲಸದ್ದೇ. ನಾನು ಮಾತ್ರ ಕತ್ತಿಯಿಂದ ಕತ್ತಿಗೆ ಜಿಗಿದಿದ್ದೆ.

ನಮ್ಮ ಮನೆಯಲ್ಲಿ ಈಗಲೂ ಹುರುಳಿ ನೆನೆಹಾಕುವ ಮೊದಲು ದೊಡ್ಡಪ್ಪ ಒಂದು ಕಾಳು ಬಾಯಿಗೆ ಹಾಕಿಕೊಂಡು ಕಟ್ ಅಂತ ಕಡಿಯುತ್ತಾರೆ. ಸ್ವಲ್ಪ ಹೊತ್ತು ನಾಲಿಗೆ ಮೇಲೆ ಇಟ್ಟುಕೊಳ್ಳುತ್ತಾರೆ. ಸರಿ ಅನ್ನಿಸಿದರೆ “ಹೂಂ, ಹಾಕು” ಅನ್ನುತ್ತಾರೆ. ಮುಗ್ಗಲು ವಾಸನೆ ಬಂದರೆ ಇಡೀ ಡಬ್ಬಿ ಪಕ್ಕಕ್ಕೆ. ಮನುಷ್ಯರು ತಿನ್ನುವ ಸಾರಿಗೆ ಇಷ್ಟೊಂದು ಪರೀಕ್ಷೆ ಯಾಕೆ ಅಂತ ನನ್ನ ಹೆಂಡತಿ ಒಮ್ಮೆ ಕೇಳಿದ್ದಳು. ಈ ರೂಢಿ ಅವರಿಗೆ ಅವರ ಅಜ್ಜನಿಂದ ಬಂದದ್ದು. ಆ ಅಜ್ಜ, ಅಂದರೆ ನನ್ನ ಮುತ್ತಜ್ಜ, ಪುಣೆ ಕ್ಯಾಂಪಿನ ಒಂದು ರಿಸಾಲೆಯಲ್ಲಿ, ಅಂದರೆ ಕುದುರೆಪಡೆಯಲ್ಲಿ, ಹುಲ್ಲು ಕೊಯ್ಯುತ್ತಿದ್ದರಂತೆ. ಮನೆಯಲ್ಲಿ ಅವರ ಫೋಟೋ ಇಲ್ಲ, ಕಾಗದ ಇಲ್ಲ, ಬಿಲ್ಲೆ ಇಲ್ಲ. ಉಳಿದಿರುವುದು ಕಾಳು ಕಡಿಯುವ ಈ ರೂಢಿ, ಮತ್ತೆ “ಮೊದಲ ಕುದ್ರಿಗಿ, ಆಮ್ಯಾಲ ನಮಗ” ಅನ್ನುವ ಮಾತು.

ಹಾಗಾಗಿ ಅದೇ ಕಥೆಯನ್ನು ಇನ್ನೊಮ್ಮೆ, ಈ ಸಲ ಹುಲ್ಲು-ನೀರಿನ ಕಡೆಯಿಂದ ನೋಡೋಣ ಅನ್ನಿಸಿತು. ಒಂದು ದಿನ ದೊಡ್ಡಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ನಗರ ರಸ್ತೆ ಹಿಡಿದೆ. ಪುಣೆಯಿಂದ ಅಹ್ಮದ್‌ನಗರಕ್ಕೆ 120 ಕಿಲೋಮೀಟರ್. ಊರಿನ ಹೆಸರು ಈಗ ಅಹಿಲ್ಯಾನಗರ. ಪೂನಾ ಹಾರ್ಸ್‌ನ ಮೊದಲ ಹೆಜ್ಜೆ ಬಿದ್ದದ್ದೂ ಈ ರಸ್ತೆಯಲ್ಲೇ, ಅಂಥ ದಳಗಳ ಕೈಗೆ ಬಂದ ಟ್ಯಾಂಕುಗಳು ನಿಂತಿರುವುದೂ ಈ ರಸ್ತೆಯ ಕೊನೆಯಲ್ಲೇ.

ನದಿ ಎದುರಿಗೇ ಇತ್ತು

ಪುಣೆ ಬಿಟ್ಟು 30 ಕಿಲೋಮೀಟರಿಗೆ ಕೋರೆಗಾಂವ್ ಭೀಮಾ. ಕಲ್ಲಿನ ಕಂಬದ ಹತ್ತಿರ ಕಾರು ನಿಲ್ಲಿಸಿದೆ. ಇಲ್ಲಿನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. 1818ರ ಜನವರಿ 1. ಈಸ್ಟ್ ಇಂಡಿಯಾ ಕಂಪನಿಯ ಕಡೆ 800ಕ್ಕೂ ಸ್ವಲ್ಪ ಜಾಸ್ತಿ ಜನ. ಎದುರಿಗೆ ಪೇಶ್ವೆಯ ದೊಡ್ಡ ಸೈನ್ಯ. ಕಂಬದ ಮೇಲಿನ ಹೆಸರುಗಳಲ್ಲಿ ಮಹಾರ್ ಸೈನಿಕರ ಹೆಸರುಗಳಿವೆ. 1927ರ ಜನವರಿ 1ಕ್ಕೆ ಅಂಬೇಡ್ಕರ್ ಇಲ್ಲಿಗೆ ಬಂದರು. ಇವತ್ತಿಗೂ ಪ್ರತಿ ವರ್ಷ ಆ ದಿನ ಲಕ್ಷಗಟ್ಟಲೆ ಜನ ಬರುತ್ತಾರೆ. ಅದು ಅವರ ಕಂಬ. ಅವರ ನೆನಪಿನ ಬೆಲೆಯೇ ಬೇರೆ. ಅದರ ಮುಂದೆ ನಾನು ತಲೆಬಾಗಿ ನಿಂತೆ.

ಆ ದಿನ ಕಂಪನಿಯ ಕಡೆ ಸುಮಾರು 250 ಸವಾರರೂ ಇದ್ದರು. ಅವರೇ ಮುಂದೆ ಪೂನಾ ಹಾರ್ಸ್ ಆದವರು. ಆಗ ಆ ದಳಕ್ಕೆ ಆರು ತಿಂಗಳೂ ತುಂಬಿರಲಿಲ್ಲ. 1817ರ ಜೂನ್‌ನಲ್ಲಿ ಎರಡನೇ ಬಾಜೀರಾಯನಿಂದ ಇಂಗ್ಲಿಷರು ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಸವಾರರ ಪಡೆ ಕಟ್ಟುವುದಕ್ಕೆ ಪೇಶ್ವೆ ತನ್ನ ಸೀಮೆಯ ಆದಾಯ ಬಿಟ್ಟುಕೊಡಬೇಕಾಯಿತು. ಅವನ ದುಡ್ಡಿನಲ್ಲಿ, ಅವನ ಊರಿನ ಹೆಸರಿನಲ್ಲಿ ಕಟ್ಟಿದ ಪಡೆ ಅವನ ವಿರುದ್ಧವೇ ನಿಂತಿತು.

ದೊಡ್ಡಪ್ಪ ಕಂಬ ನೋಡಿ ಆದಮೇಲೆ ಹೊಳೆಯ ಕಡೆ ನೋಡುತ್ತಾ ನಿಂತರು. “ಆವತ್ತ ಕುದ್ರಿಗಿ ನೀರ ಯಾರ ಕುಡಸಿದ್ರು?” ಅಂತ ಕೇಳಿದರು.

ಇದೇ ಪ್ರಶ್ನೆ. ಹಿಂದಿನ ರಾತ್ರಿ ಶಿರೂರಿನಿಂದ ಹೊರಟು ಅವರು 40 ಕಿಲೋಮೀಟರಿಗೂ ಜಾಸ್ತಿ ನಡೆದು ಬಂದಿದ್ದರು. ಬೆಳಿಗ್ಗೆ ಇಲ್ಲಿ ಮುಟ್ಟುವ ಹೊತ್ತಿಗೆ ಎದುರು ದಡದಲ್ಲಿ ಪೇಶ್ವೆಯ ಸೈನ್ಯ. ಊರೊಳಗೆ ಹೊಕ್ಕು ಗೋಡೆ ಮರೆಯಲ್ಲಿ ನಿಂತರು. ಹೊಳೆಗೆ ಹೋಗುವ ದಾರಿ ಕಟ್ಟಾಯಿತು. ಇಡೀ ಹಗಲು ನೀರಿಲ್ಲದೆ ಕಾದಿದರು. ಮನುಷ್ಯ ಬಾಯಾರಿಕೆಯನ್ನು ಬಾಯಿಬಿಟ್ಟು ಹೇಳುತ್ತಾನೆ. ಕುದುರೆ ಹೇಳುವುದಿಲ್ಲ. ಅದಕ್ಕೆ ದಿನಕ್ಕೆ ಮೂವತ್ತು ನಲವತ್ತು ಲೀಟರ್ ನೀರು ಬೇಕು. ರಾತ್ರಿಯೆಲ್ಲ ನಡೆದು ಬೆವೆತ ಕುದುರೆಗೆ ಇನ್ನೂ ಜಾಸ್ತಿ. ಭೀಮೆಯ ನೀರಿನ ವಾಸನೆ ಮೂಗಿಗೆ ಬಡಿಯುತ್ತಿರುವಾಗ ಸಂದಿಗಳಲ್ಲಿ ಕಟ್ಟಿದ ಆ ಕುದುರೆಗಳು ಏನು ಮಾಡಿರಬೇಕು? “ನೆಲಾ ಕೆರೀತಾವ. ಮುಂಗಾಲಲೆ” ಅಂದರು ದೊಡ್ಡಪ್ಪ. ಕೈಯಲ್ಲಿ ಮಾಡಿಯೂ ತೋರಿಸಿದರು. ನೀರು ಸಿಕ್ಕಿದ್ದು ಕತ್ತಲಾದ ಮೇಲೆ. ಅಷ್ಟರಲ್ಲಿ ಸುಮಾರು 275 ಜನ ಸತ್ತೋ ಗಾಯಗೊಂಡೋ ಕಾಣೆಯಾಗಿಯೋ ಕಳೆದುಹೋಗಿದ್ದರು.

ಇಲ್ಲಿ ಇನ್ನೊಂದು ಮಾತು. ಈ ಸೀಮೆಯ ಕುದುರೆ ತಳಿಗೆ ಭೀಮ್‌ಥಡಿ ಅಂತ ಹೆಸರು. ಥಡಿ ಅಂದರೆ ನಮ್ಮ ತಡಿಯೇ, ದಡ. ಭೀಮಾ ತಡಿಯ ಕುದುರೆ. ಕನ್ನಡದಲ್ಲಿ ಜೀನಿಗೂ ತಡಿ ಅನ್ನುತ್ತೇವಲ್ಲ! ಎತ್ತರ ಕಡಿಮೆ, ಗೊರಸು ಗಟ್ಟಿ, ಒಣ ಮೇವಿನಲ್ಲೇ ದಿನಗಟ್ಟಲೆ ನಡೆಯುವ ಜೀವ. ಮರಾಠರ ದಂಡುಗಳು ಇದರ ಬೆನ್ನ ಮೇಲೆ ಊರೂರು ಸುತ್ತಿದವು. ಇತ್ತೀಚೆಗೆ ಇದನ್ನು ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿಸಿದ್ದಾರೆ. ಆ ಸುದ್ದಿ ಓದಿ ಹೇಳಿದಾಗ ದೊಡ್ಡಪ್ಪನ ಮುಖ ಅರಳಿದ್ದು ನನಗೆ ನೆನಪಿದೆ. ನಮ್ಮ ಊರ ಜಾತ್ರೆಗೆ ಬರುತ್ತಿದ್ದ ತಟ್ಟುಗಳೂ ಇದೇ ಬಳಿಯವು ಅನ್ನುತ್ತಾರೆ ಅವರು.

ಘೋಡ್‌ನದಿಯ ಹುಲ್ಲು

ಅಲ್ಲಿಂದ ಮುಂದೆ ಶಿರೂರು. ಹಳಬರ ಬಾಯಲ್ಲಿ ಘೋಡ್‌ನದಿ. ಭೀಮೆಗೆ ಸೇರುವ ಘೋಡ್ ಹೊಳೆಯ ದಡದಲ್ಲಿದೆ. ಪೂನಾ ಹಾರ್ಸ್‌ನ ಬಿಡಾರ ಬಹಳ ಕಾಲ ಇಲ್ಲೇ ಇತ್ತು. ಈಗ ನೋಡಿದರೆ ಒಂದು ಮಾಮೂಲಿ ಪೇಟೆ ಊರು. ಟ್ರ್ಯಾಕ್ಟರ್ ಷೋರೂಮು, ಕಬ್ಬಿನ ಲಾರಿ, ಭೇಳ್ ಗಾಡಿ. ನಾವು ಟೀ ಕುಡಿಯುವುದಕ್ಕೆ ನಿಂತೆವು.

ರೆಜಿಮೆಂಟ್ ಹೇಗೆ ನಡೆಯುತ್ತಿತ್ತು ಅಂತ ನಾನು ಇಲ್ಲೇ ದೊಡ್ಡಪ್ಪನಿಗೆ ಓದಿ ಹೇಳಿದ್ದು. ಪದ್ಧತಿಯ ಹೆಸರು ಸಿಲೇದಾರಿ. ಸವಾರ ಕೆಲಸಕ್ಕೆ ಸೇರುವಾಗ ಒಂದು ಮೊತ್ತ ಕಟ್ಟಬೇಕು. ಅದರ ಲೆಕ್ಕದಲ್ಲಿ ಅವನಿಗೆ ಕುದುರೆ. ಅವನು ಕಟ್ಟಿದ ಆ ಪಾಲಿಗೆ ಅಸಾಮಿ ಅಂತ ಹೆಸರು. ನಾವು ‘ಒಳ್ಳೇ ಆಸಾಮಿ ಕಣಯ್ಯಾ’ ಅನ್ನುವಾಗ ಬರುವುದೂ ಇದೇ ಪದ. ಸರ್ಕಾರ ಕೊಡುವುದು ಬಂದೂಕು, ಮದ್ದುಗುಂಡು ಮತ್ತು ಸಂಬಳ. ಕುದುರೆಯ ಹೊಟ್ಟೆ, ಜೀನು, ಲಗಾಮು, ತನ್ನ ಬಟ್ಟೆ, ತನ್ನ ಊಟ ಎಲ್ಲ ಆ ಸಂಬಳದಲ್ಲೇ. ಬಿಟ್ಟು ಹೋಗುವಾಗ ಕಟ್ಟಿದ ದುಡ್ಡು ವಾಪಸ್. ಹಾಗಾಗಿ ಕುದುರೆ ಅಂದರೆ ಅವನ ಹೊಲ ಇದ್ದ ಹಾಗೆ. ಸತ್ತರೆ ಅವನ ಮನೆಗೇ ಪೆಟ್ಟು. ದಫೇದಾರ, ರಿಸಾಲ್ದಾರ ಅನ್ನುವ ಹುದ್ದೆಗಳೂ ಈ ಲೋಕದವೇ. ಡಿ.ಸಿ. ಆಫೀಸಿನ ಬಾಗಿಲಲ್ಲಿ ಪೇಟ ಸುತ್ತಿ ನಿಲ್ಲುವ ದಫೇದಾರರನ್ನು ನಾವೆಲ್ಲ ನೋಡಿದ್ದೇವೆ. ಆ ಹೆಸರು ಕುದುರೆಯ ಮೇಲಿಂದ ಇಳಿದು ಬಂದದ್ದು.

ಇನ್ನು ನನ್ನ ಮುತ್ತಜ್ಜನಂಥವರ ಜಾಗ. ಇಬ್ಬರು ಸವಾರರ ನಡುವೆ ಒಂದು ತಟ್ಟು, ಒಬ್ಬ ಹುಲ್ಲು ಕೊಯ್ಯುವವನು. ಅವನಿಗೆ ಕೂಲಿ ಕೊಡುವವರೂ ಆ ಸವಾರರೇ. ಹಾಗಾಗಿ ಅವನು ಸೈನಿಕ ಅಲ್ಲ. ದಂಡು ಹೋದಲ್ಲೆಲ್ಲ ಹೋಗಬೇಕು, ಆದರೆ ಸವಾರನ ಮರ್ಯಾದೆ ಅವನಿಗಿಲ್ಲ. ಅವನ ಕೆಲಸ ಹೇಗಿತ್ತು ಅಂತ ದೊಡ್ಡಪ್ಪ ತಮ್ಮ ಅಜ್ಜನ ಬಾಯಿಂದಲೇ ಕೇಳಿದ್ದರು. ನಸುಕಿನಲ್ಲಿ ತಟ್ಟು ಹೊಡೆದುಕೊಂಡು ಹೊರಡಬೇಕು. ಹೊಳೆದಂಡೆ, ಹೊಲದ ಬದು, ಎಲ್ಲಿ ಗರಿಕೆ ಇದೆಯೋ ಅಲ್ಲಿ ಕುಕ್ಕರಗಾಲಲ್ಲಿ ಕೂತು ಕುರ್ಪಿಯಿಂದ ಬೇರುಸಮೇತ ಹೆರೆಯಬೇಕು. ಗಣಪತಿಗೆ ಏರಿಸುವ ಅದೇ ಗರಿಕೆ. ನೆಲದ ಮೇಲಿನ ಎಸಳಿಗಿಂತ ನೆಲದೊಳಗಿನ ಬೇರಿಗೇ ಬೆಲೆ. ಆಮೇಲೆ ಒಂದೊಂದೇ ಹಿಡಿ ತೆಗೆದುಕೊಂಡು ಮಣ್ಣು ಉದುರುವ ತನಕ ಬಡಿಯಬೇಕು. ನೀರಿದ್ದರೆ ತೊಳೆಯಬೇಕು. ಮಣ್ಣು, ಮರಳು ಉಳಿದರೆ ಕುದುರೆಗೆ ಹೊಟ್ಟೆಶೂಲೆ. ಶೂಲೆ ಬಂದ ಕುದುರೆ ನೆಲಕ್ಕೆ ಬಿದ್ದು ಹೊರಳುತ್ತದೆ, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತದೆ. ಕೆಲವು ಉಳಿಯುವುದಿಲ್ಲ.

ದೊಡ್ಡಪ್ಪ ಟೀ ಅಂಗಡಿಯ ಬೆಂಚಿನ ಮೇಲೆ ಕೂತೇ ಆ ಬಡಿಯುವುದನ್ನು ತೋರಿಸಿದರು. ಎಡಗೈಯಲ್ಲಿ ಇಲ್ಲದ ಹುಲ್ಲಿನ ಹಿಡಿ, ಬಲಗೈಯ ಅಂಚಿನಿಂದ ಮೂರು ಏಟು, ತಿರುಗಿಸಿ ಮತ್ತೆ ಮೂರು ಏಟು. “ನಮ್ಮಜ್ಜನ ಕೈ ಇಲ್ಲೆ ಕಲ್ಲ ಆಗಿತ್ತು” ಅಂತ ಅಂಗೈಯ ಅಂಚು ಮುಟ್ಟಿ ತೋರಿಸಿದರು. ರೆಜಿಮೆಂಟಿನ ಇತಿಹಾಸದಲ್ಲಿ ನನ್ನ ಮನೆಯವರು ಬಿಟ್ಟುಹೋದ ಗುರುತು ಅಂದರೆ ಇಷ್ಟೇ, ಈ ಆರು ಏಟು. ನನಗೆ ಅಲ್ಲಿ ಗಂಟಲು ಕಟ್ಟಿತು.

ಹೆಸರಿರುವವರು, ಇಲ್ಲದವರು

ಯುದ್ಧಗಳ ಪಟ್ಟಿ ಕೊಡುವುದಿಲ್ಲ. ಎರಡು ಮೂರು ಹೇಳುತ್ತೇನೆ.

1857ರ ಫೆಬ್ರವರಿ 8, ಪರ್ಷಿಯಾದ ಖುಶಾಬ್. ಆಗ ಮೂರನೇ ಬಾಂಬೆ ಲೈಟ್ ಕ್ಯಾವಲ್ರಿ ಅಂತಿದ್ದ ದಳ ಮುಂದೆ 1921ರಲ್ಲಿ ಪೂನಾ ಹಾರ್ಸ್ ಜೊತೆ ಒಂದಾಯಿತು. ಕಾಲಾಳುಗಳು ಚೌಕ ಕಟ್ಟಿ, ಸುತ್ತಲೂ ಬಂದೂಕಿನ ತುದಿಯ ಚೂರಿ, ಅಂದರೆ ಸಂಗೀನು, ಚಾಚಿ ನಿಂತರೆ ಕುದುರೆಪಡೆಗೆ ಒಳಗೆ ನುಗ್ಗುವುದು ಬಹುಮಟ್ಟಿಗೆ ಆಗದ ಮಾತು. ಕುದುರೆಗೆ ಬುದ್ಧಿ ಇದೆ. ಚೂಪಾದ ಬೇಲಿಗೆ ಅದು ಎದೆ ಕೊಡುವುದಿಲ್ಲ. ಅವತ್ತು ಮೂರ್ ಅನ್ನುವ ಅಧಿಕಾರಿ ತನ್ನ ಕುದುರೆಯನ್ನು ಆ ಸಂಗೀನುಗಳ ಮೇಲೆಯೇ ಹಾರಿಸಿದ. ಕುದುರೆ ಸತ್ತು ಅವನ ಮೇಲೇ ಬಿತ್ತು. ಅವನ ಕತ್ತಿ ಮುರಿಯಿತು. ಮಾಲ್ಕಂಸನ್ ಅನ್ನುವ ಇನ್ನೊಬ್ಬ ನುಗ್ಗಿ ಬಂದು ತನ್ನ ರಿಕಾಪು, ಅಂದರೆ ಜೀನಿನಿಂದ ಇಳಿಬಿಟ್ಟ ಕಾಲುಬಳೆ, ಹಿಡಿಯಲು ಕೊಟ್ಟು ಅವನನ್ನು ಹೊರಗೆ ಎಳೆದುಕೊಂಡು ಹೋದ. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್, ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ. ಪರ್ಷಿಯನ್ನರ ನಿಶಾನೆಯ ತುದಿಯಲ್ಲಿದ್ದ ಬೆಳ್ಳಿಯ ಹಸ್ತವನ್ನು ರೆಜಿಮೆಂಟ್ ಇವತ್ತಿಗೂ ತನ್ನ ಗುರುತಾಗಿ ಇಟ್ಟುಕೊಂಡಿದೆ. ಮಕ್ಕಳಿಗೆ ಇದನ್ನು ಹೇಳುವಾಗ ನಾನು ಮೂರ್ ಮತ್ತು ಮಾಲ್ಕಂಸನ್ ಬಗ್ಗೆ ಮಾತ್ರ ಮಾತಾಡಿದ್ದೆ. ಮೊದಲು ಎದೆ ಕೊಟ್ಟದ್ದು ಕುದುರೆ.

1914ರಲ್ಲಿ ಅವರು ಫ್ರಾನ್ಸಿಗೆ ಹೋದರು. ಮೂರು ವರ್ಷಕ್ಕೂ ಜಾಸ್ತಿ ಅಲ್ಲಿದ್ದರು. ಮುಳ್ಳುತಂತಿ, ಮೆಷಿನ್‌ಗನ್ನು, ಮೊಣಕಾಲುದ್ದದ ಕೆಸರು. ಅಂಥ ಕಡೆ ಕುದುರೆಗೆ ಏನು ಕೆಲಸ? ಸವಾರರು ಕುದುರೆ ಇಳಿದು ಕಂದಕಕ್ಕೆ ಹೋದರು. ನವೆಂಬರ್ ಹೊತ್ತಿಗೆ ರೆಜಿಮೆಂಟಿನ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಸ್ವಾನ್‌ಸ್ಟನ್ ಸತ್ತ. ಅದೇ ತಿಂಗಳು 24ಕ್ಕೆ ಫೆಸ್ಟುಬರ್ಟ್ ಹತ್ತಿರ 27 ವರ್ಷದ ಫ್ರಾಂಕ್ ಡಿ ಪಾಸ್ ಅನ್ನುವ ಅಧಿಕಾರಿ ಜರ್ಮನ್ನರ ಕಂದಕದ ತಡೆ ಒಡೆದ. ಬಯಲಲ್ಲಿ ಗಾಯಗೊಂಡು ಬಿದ್ದಿದ್ದ ಒಬ್ಬನನ್ನು ಗುಂಡಿನ ಮಳೆಯಲ್ಲಿ ಹೊತ್ತು ತಂದ. ಒಂದೆರಡು ದಿನದಲ್ಲೇ ಅವನೂ ಹೋದ. ಅತ್ತ ಹಿಂದೆ, ಮೈಲಿಗಟ್ಟಲೆ ದೂರದಲ್ಲಿ, ಕುದುರೆಗಳು ಸಾಲಾಗಿ ಕಟ್ಟಿಸಿಕೊಂಡು ನಿಂತಿದ್ದವು. ಮುಂದೆ ಅಗಾಡಿ ಹಗ್ಗ, ಹಿಂಗಾಲಿಗೆ ಪಿಛಾಡಿ ಹಗ್ಗ. ಶತ್ರುವಿನ ಸಾಲು ಎಲ್ಲಾದರೂ ಒಡೆದರೆ ನುಗ್ಗಬೇಕು ಅಂತ ಕಾದದ್ದೇ ಕಾದದ್ದು. 1916ರ ಜುಲೈ 14ಕ್ಕೆ ಹೈ ವುಡ್‌ನಲ್ಲಿ ಅದೇ ಬ್ರಿಗೇಡಿನ ಡೆಕ್ಕನ್ ಹಾರ್ಸ್ ಈಟಿ ಹಿಡಿದು ನುಗ್ಗಿದ್ದು ಬಿಟ್ಟರೆ ಅಂಥ ದಿನಗಳು ಬಂದದ್ದು ತೀರಾ ಕಡಿಮೆ. ಆದರೆ ಕಾಯುತ್ತಾ ನಿಂತ ಕುದುರೆಗೂ ದಿನಕ್ಕೆ ಎರಡು ಸಲ ಮಾಲೀಸು ಬೇಕು, ಗೊರಸಿನ ಕೆಸರು ಕೆರೆಯಬೇಕು, ನೀರು ಮೊದಲು ಕಾಳು ಆಮೇಲೆ ಅನ್ನುವ ನೇಮ ತಪ್ಪಬಾರದು. ಹಿಮ ಬೀಳುವ ಆ ದೇಶದಲ್ಲಿ ನಮ್ಮ ಕಡೆಯ ಕೈಗಳು ಈ ಕೆಲಸ ಮಾಡಿದವು. ಯುದ್ಧ ಅಂದರೆ ಇದೂ ಹೌದು ಅಂತ ನನಗೆ ಈಗ ಅನ್ನಿಸುತ್ತದೆ.

1918ರಲ್ಲಿ ಪ್ಯಾಲೆಸ್ಟೈನ್. ಇಲ್ಲಿ ಕನ್ನಡಿಗರಿಗೆ ಎದೆ ಉಬ್ಬುವ ಒಂದು ಸಂಗತಿ ಇದೆ. ಪೂನಾ ಹಾರ್ಸ್ ಇದ್ದದ್ದು ಐದನೇ ಕ್ಯಾವಲ್ರಿ ಡಿವಿಷನ್ನಿನ 14ನೇ ಬ್ರಿಗೇಡಿನಲ್ಲಿ. ಅದೇ ಡಿವಿಷನ್ನಿನ 15ನೇ ಬ್ರಿಗೇಡಿನಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್, ಜೊತೆಗೆ ಜೋಧಪುರ ಮತ್ತು ಹೈದರಾಬಾದಿನವರು. ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಕುದುರೆ ಮೇಲೆಯೇ ನುಗ್ಗಿ ಹಿಡಿದವರು ಜೋಧಪುರ, ಮೈಸೂರಿನವರು. ಕಾರ್ಮೆಲ್ ಗುಡ್ಡದ ಮೇಲಿನ ಫಿರಂಗಿಗಳನ್ನು ಕಿತ್ತುಕೊಂಡದ್ದು ಮೈಸೂರಿನ ಸವಾರರು. ಆ ದಿನದ ಲೆಕ್ಕ ಒಮ್ಮೆ ನೋಡಿ. ಸತ್ತ ಸವಾರರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಇದನ್ನು ಓದಿ ಹೇಳಿದಾಗ ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಎಂಬತ್ತಮೂರಕ್ಕ ಮುಲಾಮ ಹಚ್ಚವ್ರು ಎಷ್ಟ ಮಂದಿ ಇದ್ರು?” ಅಂದರು. ದೆಹಲಿಯ ತೀನ್ ಮೂರ್ತಿಯಲ್ಲಿ ಈ ಮೂರು ಸಂಸ್ಥಾನಗಳ ಸವಾರರ ಮೂರ್ತಿಗಳಿವೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಆ ಕಡೆ ಹೋದರೆ ಒಂದು ನಿಮಿಷ ನಿಂತು ನೋಡಿ. 1953ರಲ್ಲಿ ಮೈಸೂರಿನ ಸವಾರರನ್ನೂ ಕೂಡಿಸಿಕೊಂಡು 61ನೇ ಕ್ಯಾವಲ್ರಿ ಕಟ್ಟಿದರು. ಕುದುರೆ ಏರಿದ ರೆಜಿಮೆಂಟ್ ಅಂತ ನಮ್ಮ ಸೈನ್ಯದಲ್ಲಿ ಹೆಸರಾದದ್ದು ಅದೇ.

ಸಿಲೇದಾರಿ ಪದ್ಧತಿ ಆ ಮಹಾಯುದ್ಧದಲ್ಲೇ ಮುರಿದುಬಿತ್ತು. ಊರಲ್ಲಿ ಒಂದು ಕುದುರೆ ಸತ್ತರೆ ಇನ್ನೊಂದು ತರಬಹುದು. ಸಮುದ್ರದಾಚೆ ದಿನಕ್ಕೆ ಹತ್ತಾರು ಸಾಯುವಾಗ ಸವಾರನ ಅಸಾಮಿ ಎಲ್ಲಿಗೆ ಸಾಕು? ಯುದ್ಧ ಮುಗಿದ ಮೇಲೆ 39 ಕುದುರೆ ರೆಜಿಮೆಂಟುಗಳನ್ನು 21ಕ್ಕೆ ಇಳಿಸಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಲಾಯಗಳೂ ಖಾಲಿಯಾದವು.

ಸವಾರ ಅನ್ನುವ ಹೆಸರು

ಅಹ್ಮದ್‌ನಗರದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಬಯಲಿನಲ್ಲಿ ಟ್ಯಾಂಕುಗಳು ಸಾಲಾಗಿ ನಿಂತಿವೆ. ಬ್ರಿಟನ್ನಿನವು, ಜರ್ಮನಿಯವು, ಪಾಕಿಸ್ತಾನದಿಂದ ಹಿಡಿದು ತಂದ ಪ್ಯಾಟನ್. ಸೆಂಚುರಿಯನ್ ಟ್ಯಾಂಕಿನ ಮುಂದೆ ನಾನು ನಿಂತೆ. 1965ರಲ್ಲೂ 1971ರಲ್ಲೂ ಪೂನಾ ಹಾರ್ಸ್ ಹೋರಾಡಿದ್ದು ಇದರಲ್ಲೇ.

ಲೆಫ್ಟಿನೆಂಟ್ ಕರ್ನಲ್ ಅರ್ದೇಶಿರ್ ತಾರಾಪೋರ್ ಮುಂಬಯಿಯಲ್ಲಿ ಹುಟ್ಟಿ ಪುಣೆಯಲ್ಲಿ ಶಾಲೆ ಓದಿದವರು. ಪೂನಾ ಹಾರ್ಸ್‌ಗೆ ಬರುವ ಮೊದಲು ಹೈದರಾಬಾದ್ ಲ್ಯಾನ್ಸರ್ಸ್‌ನಲ್ಲಿದ್ದರು. 1965ರ ಸೆಪ್ಟೆಂಬರ್‌ನಲ್ಲಿ ಫಿಲ್ಲೋರಾ ಕದನದಲ್ಲಿ ಗಾಯವಾದರೂ ಹಿಂದಕ್ಕೆ ಹೋಗಲು ಒಪ್ಪಲಿಲ್ಲ. ಐದು ದಿನ ಅದೇ ಗಾಯದಲ್ಲಿ ರೆಜಿಮೆಂಟ್ ನಡೆಸಿದರು. 16ಕ್ಕೆ ಬುತ್ತೂರ್ ಡೋಗ್ರಾಂಡಿಯಲ್ಲಿ ಸತ್ತರು. ತಾನು ಸತ್ತರೆ ರಣರಂಗದಲ್ಲೇ ಸುಡಬೇಕು ಅಂತ ಹೇಳಿದ್ದರು. ಹಾಗೆಯೇ ಮಾಡಿದರು. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲ್ ಹುಟ್ಟಿದ್ದೇ ಪುಣೆಯಲ್ಲಿ, 1950ರ ಅಕ್ಟೋಬರ್ 14ಕ್ಕೆ. ರೆಜಿಮೆಂಟಿಗೆ ಸೇರಿದ್ದು 1971ರ ಜೂನ್‌ನಲ್ಲಿ. ಡಿಸೆಂಬರ್ 16ಕ್ಕೆ ಬಸಂತರ್‌ನಲ್ಲಿ ಉರಿಯುತ್ತಿದ್ದ ಟ್ಯಾಂಕ್ ಬಿಟ್ಟು ಇಳಿ ಅಂತ ಆಜ್ಞೆ ಬಂದರೂ ಇಳಿಯಲಿಲ್ಲ. ನನ್ನ ತೋಪು ಇನ್ನೂ ಕೆಲಸ ಮಾಡುತ್ತಿದೆ ಅಂದ. ಆರು ತಿಂಗಳ ಸೇವೆ, 21 ವರ್ಷದ ಹುಡುಗ. ಆ ಟ್ಯಾಂಕುಗಳು ಮುಂದೆ ಹೋಗಲು ನೆಲಬಾಂಬುಗಳ ನಡುವೆ ದಾರಿ ಬಿಡಿಸಿಕೊಟ್ಟವರು ಮದ್ರಾಸ್ ಸ್ಯಾಪರ್ಸ್. ಅವರ ಮನೆ ನಮ್ಮ ಬೆಂಗಳೂರು. ಅವರನ್ನೂ ನಾನು ಮಕ್ಕಳಿಗೆ ಹೇಳಿರಲಿಲ್ಲ.

ಟ್ಯಾಂಕ್ ಬಂದಮೇಲೂ ಆ ರೆಜಿಮೆಂಟಿನಲ್ಲಿ ಸಿಪಾಯಿಗೆ ಸಿಪಾಯಿ ಅನ್ನುವುದಿಲ್ಲ. ಸವಾರ ಅಂತಲೇ ಕರೆಯುತ್ತಾರೆ. ಹವಾಲ್ದಾರನಿಗೆ ದಫೇದಾರ. ಕುದುರೆ ಹೋಗಿ ಎಷ್ಟೋ ದಶಕ ಆಯಿತು, ಹೆಸರು ಇಳಿದಿಲ್ಲ.

ದೊಡ್ಡಪ್ಪ ಸೆಂಚುರಿಯನ್ ಸುತ್ತ ಒಂದು ಸುತ್ತು ಹಾಕಿದರು. ಪಟ್ಟಿಯ ಒಳಗಿನ ಗಾಲಿಯ ಮೇಲೆ ಅಂಗೈ ಇಟ್ಟರು, ಕುದುರೆಯ ಮೊಣಕಾಲು ಬಿಸಿ ಇದೆಯಾ ಅಂತ ನೋಡುವ ಹಾಗೆ. ಅಲ್ಲೇ ಹಿಂದೆ ದಫೇದಾರರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಮೊಮ್ಮಗನ ಜೊತೆ ಬಂದಿದ್ದರು. ದೊಡ್ಡಪ್ಪ ತಮ್ಮ ಹರಕು ಹಿಂದಿಯಲ್ಲಿ ಅವರನ್ನು ಕೇಳಿದರು, ಇದಕ್ಕೆ ನೀರು ಕುಡಿಸಬೇಕಾ ಅಂತ. ಅವರು ನಗಲಿಲ್ಲ. ಬೇಕು ಚಾಚಾ, ಇಂಜಿನ್ನಿಗೆ ನೀರು ಬೇಕು, ಎಣ್ಣೆ ಬೇಕು, ಸಂಜೆ ನಿಂತಮೇಲೆ ಪಟ್ಟಿಯ ಒಂದೊಂದು ಕೀಲೂ ತಟ್ಟಿ ನೋಡಬೇಕು ಅಂದರು. ಊಟ ಯಾವಾಗ ಅಂತ ದೊಡ್ಡಪ್ಪ ಕೇಳಿದರು. ಅದೆಲ್ಲ ಆದಮೇಲೆ ಅಂದರು ಅವರು. ಇಬ್ಬರೂ ಟ್ಯಾಂಕಿನ ನೆರಳಲ್ಲಿ ಕೂತರು. ಅರ್ಧ ಗಂಟೆ ಲಾಳದ ಮೊಳೆ, ಪಟ್ಟಿಯ ಕೀಲು, ಹುರುಳಿ, ಗ್ರೀಸು ಇದೇ ಮಾತು. ನಾನು ಆ ಹುಡುಗನಿಗೆ ಐಸ್‌ಕ್ರೀಮ್ ಕೊಡಿಸಿಕೊಂಡು ದೂರದಲ್ಲಿ ನಿಂತು ನೋಡಿದೆ.

ವಾಪಸ್ ಬರುವಾಗ ಕೋರೆಗಾಂವ್ ದಾಟುವ ಮೊದಲು ದೊಡ್ಡಪ್ಪ ಕಾರು ನಿಲ್ಲಿಸು ಅಂದರು. ಸಂಜೆಯಾಗಿತ್ತು. ಹೊಳೆಯಲ್ಲಿ ನೀರು ತೆಳ್ಳಗೆ ಹರಿಯುತ್ತಿತ್ತು. ಎರಡು ಎಮ್ಮೆ ನೀರಲ್ಲಿ ಕೂತಿದ್ದವು. ಸೇತುವೆಯ ಕಟ್ಟೆಗೆ ಕೈ ಊರಿ ಬಹಳ ಹೊತ್ತು ನೋಡಿದರು.

“ಇದ ನೀರ ಅಲ್ಲೇನ ತಮ್ಮಾ ನಮ್ಮೂರಿಗಿ ಬರೂದು?”

“ಹೌದು ದೊಡ್ಡಪ್ಪ.”

“ಉಜನಿ ಡ್ಯಾಮಿನಾಗ ಹಿಡಿಲಿಲ್ಲಂದ್ರ” ಅಂದರು. ಕಾರು ಹತ್ತಿದರು.